ಅತ್ತೆಯ ಮರೆವು: ಮೆದುಳಿನ ‘ಬ್ಲಾಕ್’ ತೆಗೆಸಿದರೆ ಸರಿಹೋಗುತ್ತದೆಯೇ?

ಪ್ರಶ್ನೆ: ನಮ್ಮ ಅತ್ತೆಗೆ 71 ವರ್ಷ. ಶಾಲಾ ಶಿಕ್ಷಕಿಯಾಗಿ ನಿವೃತ್ತರಾದವರು. ಬಹಳ ವರ್ಷಗಳಿಂದ ಬಿಪಿ ಇದೆ, ಈಚೆಗೆ ಸಕ್ಕರೆ ಕಾಯಿಲೆಯೂ ಸೇರಿಕೊಂಡಿದೆ. ಎರಡು ವರ್ಷಗಳಿಂದ ಮರೆವು ಹೆಚ್ಚುತ್ತಿದೆ. ಕೇಳಿದ್ದನ್ನೇ ಕೇಳುತ್ತಾರೆ, ಬೆಳಿಗ್ಗೆ ಬಂದುಹೋದ ನೆಂಟರನ್ನು ಸಂಜೆಗೆ ಮರೆತಿರುತ್ತಾರೆ. ಹಳೆಯ ವಿದ್ಯಾರ್ಥಿಗಳ ಹೆಸರನ್ನು ಮಾತ್ರ ಹಾಜರಿ ಪುಸ್ತಕದ ಕ್ರಮದಲ್ಲೇ ಹೇಳುತ್ತಾರೆ. ನರರೋಗ ತಜ್ಞರು ಅಲ್ಝೈಮರ್ ಕಾಯಿಲೆಯ ಆರಂಭದ ಹಂತ ಎಂದು ಹೇಳಿ ಡೊನೆಪೆಜಿಲ್ ಮಾತ್ರೆ ಬರೆದಿದ್ದಾರೆ. ಆದರೆ ಎಂಆರ್‌ಐ ವರದಿಯಲ್ಲಿ ಹಿಪೊಕ್ಯಾಂಪಸ್ ಕುಗ್ಗಿದೆ ಎನ್ನುವುದರ ಜೊತೆಗೆ ‘ಸ್ಮಾಲ್ ವೆಸೆಲ್ ಡಿಸೀಸ್’ ಎಂದೂ ಮೂರು ‘ಮೈಕ್ರೋಬ್ಲೀಡ್’ ಎಂದೂ ಇದೆ. ನಮ್ಮ ಯಜಮಾನರ ದೊಡ್ಡಪ್ಪನ ಮಗ, ‘ಇದು ಅಲ್ಝೈಮರ್ ಅಲ್ಲವೇ ಅಲ್ಲ, ಮೆದುಳಿನಲ್ಲಿ ಬ್ಲಾಕ್ ಆಗಿದೆ, ಡ್ರಿಪ್ ಹಾಕಿ ರಕ್ತನಾಳ ಶುದ್ಧಿ ಮಾಡುವವರಿದ್ದಾರೆ, ಅಲ್ಲಿಗೆ ಹೋಗುವವರೆಗೆ ರಕ್ತ ತೆಳುವಾಗುವ ಮಾತ್ರೆ ಕೊಡಿ’ ಎನ್ನುತ್ತಾರೆ. ನ್ಯೂಜೆರ್ಸಿಯಲ್ಲಿರುವ ಮೈದುನ ಹೊಸ ಇಂಜೆಕ್ಷನ್ ಕೊಡಿಸೋಣ ಎನ್ನುತ್ತಾರೆ. ಅಲ್ಝೈಮರ್‌ನಲ್ಲಿ ಮೆದುಳಿನ ರಕ್ತನಾಳದ ಜೀವಕೋಶಗಳ ಸಂಕೇತಗಳೇ ಬದಲಾಗುತ್ತವೆ ಎಂದು ನಾನೂ ಓದಿದೆ. ಹಾಗಾದರೆ ಇದು ಮೆದುಳಿನ ಕಾಯಿಲೆಯೋ, ರಕ್ತನಾಳದ ಕಾಯಿಲೆಯೋ? ಯಜಮಾನರಿಗೆ 46 ವರ್ಷ, ಅವರಿಗೂ ಬಿಪಿ ಶುರುವಾಗಿದೆ. ಅದೂ ಒಂದು ಹೆದರಿಕೆ.
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ನೀವು ಹಲವು ಪ್ರಶ್ನೆ ಕೇಳಿದ್ದೀರಿ. ಎಲ್ಲದರ ಅಡಿಯಲ್ಲಿರುವ ಆತಂಕ ಒಂದೇ: ವಾಸಿಮಾಡಬಹುದಾದ ರಕ್ತನಾಳದ ತೊಂದರೆಗೆ ವಾಸಿಯಾಗದ ಕಾಯಿಲೆಯ ಹೆಸರಿಟ್ಟು ಕೈಕಟ್ಟಿ ಕುಳಿತಿದ್ದೇವೆಯೇ? ಮರೆವಿನ ರೋಗಿಗಳನ್ನು ನೋಡುವ ವೈದ್ಯರಿಗೆ ಇದು ಹೊಸ ಪ್ರಶ್ನೆಯೇನಲ್ಲ. ‘ಅಲ್ಝೈಮರ್’ ಎನ್ನುವುದು ವೈದ್ಯರ ಬಾಯಿಂದ ಬಂದಿರುತ್ತದೆ, ರಕ್ತನಾಳದ ವಿಷಯ ವರದಿಯಲ್ಲಿ ಅಚ್ಚಾಗಿರುತ್ತದೆ. ಅಚ್ಚಾಗಿದ್ದನ್ನೇ ಮನೆಯವರು ಹೆಚ್ಚು ನಂಬುತ್ತಾರೆ.

ನಿಮ್ಮ ವೈದ್ಯರ ಮಾತಿಗೂ ವರದಿಗೂ ಜಗಳವಿಲ್ಲ. ಎಪ್ಪತ್ತು ದಾಟಿದವರ ಮೆದುಳನ್ನು ಮರಣಾನಂತರ ಪರೀಕ್ಷಿಸಿದ ಅಧ್ಯಯನಗಳಲ್ಲಿ ಅಲ್ಝೈಮರ್‌ನ ಗುರುತುಗಳೂ ಸಣ್ಣ ರಕ್ತನಾಳಗಳ ಹಾನಿಯೂ ಜೊತೆಯಾಗಿ ಕಾಣುವುದೇ ಹೆಚ್ಚು. ಹೊಸ ನೆನಪು ನಿಲ್ಲದೆ ಹಳೆಯದು ಉಳಿಯುವುದು, ಹೊಸ ನೆನಪನ್ನು ದಾಖಲಿಸುವ ಹಿಪೊಕ್ಯಾಂಪಸ್ ಭಾಗ ಕುಗ್ಗುವುದು, ಎರಡು ವರ್ಷ ನಿಧಾನವಾಗಿ ಇಳಿಮುಖವಾಗುವುದು – ಇವು ಅಲ್ಝೈಮರ್‌ನ ದಾರಿಯನ್ನೇ ತೋರಿಸುತ್ತವೆ. ಬಿಪಿ, ಸಕ್ಕರೆಯಿಂದ ಸಣ್ಣ ರಕ್ತನಾಳಗಳಿಗೆ ಆದ ಪೆಟ್ಟು ಅದಕ್ಕೆ ಕೂಡಿಕೊಂಡಿದೆ. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು ಎಂಬ ಹಟ ಬೇಡ.

ಇನ್ನು ‘ಬ್ಲಾಕ್’. ಹೃದಯದ ಆಂಜಿಯೋಗ್ರಾಂ ಮನೆಮಾತಾದ ಮೇಲೆ ದೇಹದ ಯಾವ ತೊಂದರೆಗೂ ಒಂದು ಬ್ಲಾಕ್ ಹುಡುಕುವುದು ನಮಗೆ ರೂಢಿಯಾಗಿದೆ. ಕುತ್ತಿಗೆಯಲ್ಲಿ ಮೆದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಧಮನಿಯ ಒಳಗಿನ ಅಗಲ ಸುಮಾರು ಐದು ಮಿಲಿಮೀಟರ್. ಅಲ್ಲಿ ಕೊಬ್ಬು ಕಟ್ಟಿದರೆ ಡಾಪ್ಲರ್ ಸ್ಕ್ಯಾನಿನಲ್ಲಿ ಕಾಣುತ್ತದೆ, ಪಾರ್ಶ್ವವಾಯುವಿನ ಅಪಾಯವಿದ್ದರೆ ಸ್ಟೆಂಟ್ ಹಾಕುವುದೂ ಉಂಟು. ಆದರೆ ಅಲ್ಝೈಮರ್‌ನಲ್ಲಿ ನಾವು ಮಾತಾಡುತ್ತಿರುವುದು ಲೋಮನಾಳಗಳ ಬಗ್ಗೆ. ಅವುಗಳ ಅಗಲ ಅದರ ಸಾವಿರದ ಒಂದು ಭಾಗದಷ್ಟು. ಒಂದು ಕೆಂಪು ರಕ್ತಕಣವೇ ಮೈ ಮುದುರಿಕೊಂಡು ನುಸುಳಬೇಕು. ಇಂಥ ನಾಳಗಳನ್ನು ಸಾಲಾಗಿ ಜೋಡಿಸಿದರೆ ಒಬ್ಬ ಮನುಷ್ಯನ ಮೆದುಳಿನಲ್ಲಿ ಸುಮಾರು 600 ಕಿಲೋಮೀಟರ್ ಆಗುತ್ತದೆ. ಯಾವ ತಂತಿಯೂ, ಯಾವ ಬಲೂನೂ ಅಲ್ಲಿಗೆ ಇಳಿಯುವುದಿಲ್ಲ. ಅಲ್ಲಿ ಆಗಿರುವ ತೊಂದರೆ ಕಸ ಕಟ್ಟಿಕೊಂಡದ್ದೂ ಅಲ್ಲ.

ಹಾಗಾದರೆ ಏನಾಗಿದೆ? ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನೀವು ಓದಿದ ವಿಷಯವೂ ಇದೇ, ನಿಮ್ಮ ಮುಂದಿರುವ ತೀರ್ಮಾನಗಳೆಲ್ಲ ಇದರ ಮೇಲೆಯೇ ನಿಂತಿವೆ.

ನಮ್ಮ ಮೆದುಳು ದೇಹದ ತೂಕದಲ್ಲಿ ಶೇ 2ರಷ್ಟಿದ್ದು, ಉಸಿರಾಡಿದ ಆಮ್ಲಜನಕದಲ್ಲಿ ಶೇ 20ರಷ್ಟನ್ನು ಬಳಸುತ್ತದೆ. ಕೂಡಿಟ್ಟುಕೊಳ್ಳಲು ಅದಕ್ಕೆ ಕಣಜವಿಲ್ಲ. ಆಯಾ ಕ್ಷಣದಲ್ಲಿ ಯಾವ ಭಾಗ ದುಡಿಯುತ್ತದೆಯೋ ಅಲ್ಲಿಗೆ ಆಯಾ ಕ್ಷಣದಲ್ಲೇ ಹೆಚ್ಚು ರಕ್ತ ಹೋಗಬೇಕು. ಕೆರೆ ನೀರಾವರಿಯ ಊರುಗಳಲ್ಲಿ ನೀರುಗಂಟಿ ಇರುತ್ತಿದ್ದನಲ್ಲ, ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿ ತೂಬು ಎತ್ತುವವನು – ಮೆದುಳಿನ ರಕ್ತನಾಳದ ಗೋಡೆಯ ಜೀವಕೋಶಗಳು ಮಾಡುವುದು ಆ ಕೆಲಸವನ್ನು. ಅಲ್ಝೈಮರ್‌ನಲ್ಲಿ ಕೆರೆ ಬತ್ತಿರುವುದಿಲ್ಲ, ಕಾಲುವೆಯಲ್ಲಿ ಹೂಳು ತುಂಬಿರಬೇಕೆಂದೂ ಇಲ್ಲ. ಗದ್ದೆಯ ಕೂಗು ನೀರುಗಂಟಿಗೆ ಕೇಳಿಸುತ್ತಿಲ್ಲ. ಕೆಲವು ಕಡೆ ಅವನೇ ತೂಬನ್ನು ಬಿಗಿಹಿಡಿದು ಕೂತಿದ್ದಾನೆ.

ಆ ಕೂಗು ಯಾವ ಬಗೆಯದು ಎಂಬುದು ಈಗ ಸಾಕಷ್ಟು ತಿಳಿದಿದೆ. ನರಕೋಶ ಚುರುಕಾದಾಗ ಸುತ್ತ ಪೊಟ್ಯಾಸಿಯಂ ಹೊರಬೀಳುತ್ತದೆ. ಲೋಮನಾಳದ ಒಳಪದರದ ಕೋಶ, ಅಂದರೆ ಎಂಡೋಥೀಲಿಯಂ, ಅದನ್ನು ಗ್ರಹಿಸಿ ಒಂದು ವಿದ್ಯುತ್ ಸಂಕೇತವನ್ನು ಹಿಂದಕ್ಕೆ, ರಕ್ತ ತರುವ ಪುಟ್ಟ ಧಮನಿಯತ್ತ ಕಳುಹಿಸುತ್ತದೆ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೂ ಸಂದೇಶವಾಹಕ. ಅದು ನಾಳದ ಸ್ನಾಯುವನ್ನು ಸಡಿಲಿಸುತ್ತದೆ. ಲೋಮನಾಳವನ್ನು ಹೊರಗಿನಿಂದ ತಬ್ಬಿಕೊಂಡಿರುವ ಪೆರಿಸೈಟ್ ಎಂಬ ಕೋಶಗಳು ಅದರ ಅಗಲವನ್ನು ಹಿಗ್ಗಿಸಿ ಕುಗ್ಗಿಸುತ್ತವೆ. ಇವುಗಳ ಮೇಲೆ ಆಸ್ಟ್ರೋಸೈಟ್ ಎಂಬ ಕೋಶಗಳ ಪಾದಗಳು ಒತ್ತಾಗಿ ಹರಡಿಕೊಂಡಿರುತ್ತವೆ. ಕೂಗಿನಿಂದ ಹರಿವಿನವರೆಗೆ ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಅಲ್ಝೈಮರ್‌ನಲ್ಲಿ ಬೀಟಾ-ಅಮಿಲಾಯ್ಡ್ ಎಂಬ ಪ್ರೋಟೀನ್ ಶೇಖರವಾಗುತ್ತದೆ ಎಂದು ನೀವು ಓದಿರುತ್ತೀರಿ. ಅದು ನರಕೋಶಗಳ ನಡುವೆ ಮಾತ್ರ ಕೂರುವುದಿಲ್ಲ, ರಕ್ತನಾಳದ ಸಂಕೇತಗಳನ್ನೂ ಕೆಡಿಸುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೇವಿಡ್ ಆಟ್ವೆಲ್ ಅವರ ತಂಡ 2019ರಲ್ಲಿ ಇದರ ಒಂದು ಸರಪಣಿಯನ್ನು ತೋರಿಸಿತು. ಅಮಿಲಾಯ್ಡ್‌ನ ಸಣ್ಣ ಗುಂಪುಗಳು ಹಾನಿಕರ ಆಮ್ಲಜನಕ ಕಣಗಳನ್ನು ಹುಟ್ಟಿಸುತ್ತವೆ, ಅದರಿಂದ ಎಂಡೋಥೀಲಿನ್-1 ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದು ಪೆರಿಸೈಟ್‌ಗಳನ್ನು ಬಿಗಿಯಾಗಿಸುತ್ತದೆ. ಇಲಿಗಳಲ್ಲಷ್ಟೇ ಅಲ್ಲ, ರೋಗಿಗಳಿಂದ ತೆಗೆದ ಮೆದುಳಿನ ತುಣುಕುಗಳಲ್ಲೂ ಪೆರಿಸೈಟ್ ಇರುವ ಜಾಗದಲ್ಲೇ ಲೋಮನಾಳ ಕಿರಿದಾಗಿತ್ತು. ದ್ರವದ ಹರಿವು ನಾಳದ ಅಗಲದ ನಾಲ್ಕನೇ ಘಾತವನ್ನು ಅವಲಂಬಿಸುತ್ತದೆ. ಸ್ಥೂಲ ಲೆಕ್ಕದಲ್ಲಿ ಅಗಲ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಹರಿವು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಇಷ್ಟು ಸಣ್ಣ ಬಿಗಿತ ಯಾವ ಸ್ಕ್ಯಾನಿನಲ್ಲೂ ‘ಬ್ಲಾಕ್’ ಎಂದು ಕಾಣುವುದಿಲ್ಲ.

ಎರಡನೆಯದು ಗೋಡೆಯ ಭದ್ರತೆ. ರಕ್ತದಲ್ಲಿರುವುದೆಲ್ಲ ಮೆದುಳಿಗೆ ಸೋರದಂತೆ ಎಂಡೋಥೀಲಿಯಂ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡಿರುತ್ತವೆ. ಈ ಹೊಲಿಗೆ ಒಮ್ಮೆ ಹಾಕಿದರೆ ಮುಗಿಯಿತು ಎನ್ನುವಂಥದ್ದಲ್ಲ. ಪಿಡಿಜಿಎಫ್ ಎಂಬ ಸಂಕೇತದಿಂದ ಒಳಪದರವು ಪೆರಿಸೈಟ್‌ಗಳನ್ನು ಹತ್ತಿರ ಉಳಿಸಿಕೊಳ್ಳುತ್ತದೆ. ಪ್ರತಿಯಾಗಿ ಪೆರಿಸೈಟ್‌ಗಳು ಗೋಡೆಯನ್ನು ಗಟ್ಟಿಯಾಗಿಡುತ್ತವೆ. ವಿಂಟ್ ಎಂಬ ಇನ್ನೊಂದು ಸಂಕೇತಮಾರ್ಗ ಹೊಲಿಗೆಯ ಪ್ರೋಟೀನ್‌ಗಳ ತಯಾರಿಯನ್ನು ನೋಡಿಕೊಳ್ಳುತ್ತದೆ. ಈ ಮಾತುಕತೆ ತಪ್ಪಿದರೆ ಪೆರಿಸೈಟ್‌ಗಳು ಹಾಳಾಗುತ್ತವೆ, ರಕ್ತದ ಫೈಬ್ರಿನೊಜೆನ್‌ನಂಥ ಪ್ರೋಟೀನ್‌ಗಳು ಮೆದುಳಿಗೆ ಸೋರಿ ಉರಿಯೂತ ಎಬ್ಬಿಸುತ್ತವೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಹೇಳಿದ ವಿಷಯ ನನ್ನಂಥವರನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿತು: ಮರೆವು ಆಗತಾನೆ ಶುರುವಾದವರಲ್ಲಿ, ಅಮಿಲಾಯ್ಡ್ ಹೆಚ್ಚಿರಲಿ ಇಲ್ಲದಿರಲಿ, ಈ ಸೋರಿಕೆ ಮತ್ತು ಪೆರಿಸೈಟ್ ಹಾನಿಯ ಗುರುತು ಕಾಣುತ್ತದೆ.

ಮೂರನೆಯದು ಹೊರಹಾಕುವ ಬಾಗಿಲು. ಅಮಿಲಾಯ್ಡ್ ಎಲ್ಲರ ಮೆದುಳಿನಲ್ಲೂ ದಿನವೂ ತಯಾರಾಗುತ್ತದೆ. ಎಲ್‌ಆರ್‌ಪಿ1 ಎಂಬ ಗ್ರಾಹಕ ಪ್ರೋಟೀನ್ ಅದನ್ನು ಹಿಡಿದು ರಕ್ತಕ್ಕೆ ದಾಟಿಸುತ್ತದೆ. ರೇಜ್ ಎಂಬ ಇನ್ನೊಂದು ರಕ್ತದಿಂದ ಒಳಕ್ಕೆ ತರುತ್ತದೆ. ಅಲ್ಝೈಮರ್ ರೋಗಿಗಳ ಮೆದುಳಿನ ನಾಳಗಳಲ್ಲಿ ಮೊದಲನೆಯದು ಕಡಿಮೆಯಾಗಿ ಎರಡನೆಯದು ಹೆಚ್ಚಾಗಿರುವುದು ಕಂಡುಬಂದಿದೆ. ಹೋಗುವ ಬಾಗಿಲು ಕಿರಿದಾಗಿ ಬರುವ ಬಾಗಿಲು ಅಗಲವಾದರೆ ಒಳಗೆ ಏನು ಉಳಿಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಉಳಿದ ಅಮಿಲಾಯ್ಡ್ ಮತ್ತೆ ನಾಳವನ್ನೇ ಬಿಗಿಯಾಗಿಸುತ್ತದೆ.

ಇದೆಲ್ಲ ಕೇವಲ ಹೊಸ ಕಾಲದ ಸಂಶೋಧಕರ ಉತ್ಸಾಹವಲ್ಲ. ಅಲೋಯಿಸ್ ಅಲ್ಝೈಮರ್ ತಾವು 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಕಂಡ ಆಗಸ್ಟೆ ಡೆಟರ್ ಎಂಬ ಮಹಿಳೆಯ ಮೆದುಳಿನ ಬಗ್ಗೆ 1907ರಲ್ಲಿ ಬರೆದ ಪುಟ್ಟ ಪ್ರಬಂಧದಲ್ಲೇ, ನರಕೋಶದ ನಾರಿನ ಗಂಟು ಮತ್ತು ಚುಕ್ಕೆಗಳ (ಈಗ ನಾವು ಅಮಿಲಾಯ್ಡ್ ಶೇಖರ ಎನ್ನುವುದು) ಜೊತೆಗೆ, ರಕ್ತನಾಳದ ಒಳಪದರದ ಕೋಶಗಳಲ್ಲಿ ಬದಲಾವಣೆ ಇದೆ ಎಂದು ಗುರುತಿಸಿದ್ದರು. ಮುಂದಿನ ನೂರು ವರ್ಷ ಹೆಚ್ಚಿನ ಗಮನ ಗಂಟು ಮತ್ತು ಚುಕ್ಕೆಗಳಿಗೇ ಹೋಯಿತು. ಸ್ಟ್ಯಾನ್‌ಫರ್ಡ್ ತಂಡವೊಂದು 2022ರಲ್ಲಿ ಮನುಷ್ಯರ ಮೆದುಳಿನ ರಕ್ತನಾಳಗಳ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಅಲ್ಝೈಮರ್‌ಗೆ ನಂಟಿರುವ ಪ್ರಮುಖ 45 ಜೀನ್‌ಗಳಲ್ಲಿ 30 ಈ ಕೋಶಗಳಲ್ಲೂ ಕೆಲಸ ಮಾಡುತ್ತಿದ್ದವು. ಹೆಚ್ಚು ಚರ್ಚೆಯಲ್ಲಿರುವ ಎಪಿಒಇ4 ಎಂಬ ಜೀನ್ ರೂಪವೂ ಪೆರಿಸೈಟ್‌ಗಳ ಮೂಲಕ ಗೋಡೆಯನ್ನು ಸಡಿಲಿಸುತ್ತದೆ.

ಹಾಗಾದರೆ ಮೊದಲು ಕೆಟ್ಟದ್ದು ನಾಳವೋ, ಅಮಿಲಾಯ್ಡೋ? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ 1,171 ಜನರ ಮೆದುಳಿನ ಚಿತ್ರಗಳನ್ನು ವಿಶ್ಲೇಷಿಸಿ, ಮುಪ್ಪಿನಲ್ಲಿ ಬರುವ ಅಲ್ಝೈಮರ್‌ನಲ್ಲಿ ರಕ್ತದ ಹರಿವಿನ ಏರುಪೇರೇ ಮೊದಲು ಕಾಣಿಸಿಕೊಳ್ಳುತ್ತದೆ ಎಂದಿತು. ಇನ್ನೊಂದು ಕಡೆ, ಅಮಿಲಾಯ್ಡ್ ತಯಾರಿಯ ಜೀನ್‌ಗಳಲ್ಲೇ ದೋಷವಿರುವ ಕೆಲವು ಕುಟುಂಬಗಳಲ್ಲಿ ನಲವತ್ತು ಐವತ್ತರ ವಯಸ್ಸಿಗೇ ಕಾಯಿಲೆ ಬರುತ್ತದೆ. ಅಲ್ಲಿ ಆರಂಭ ಎಲ್ಲಿಂದ ಎಂಬುದರಲ್ಲಿ ಅನುಮಾನವಿಲ್ಲ. ಎರಡೂ ತುದಿಯಿಂದ ಹೊತ್ತಿಕೊಳ್ಳಬಹುದು ಎಂಬುದೇ ನನ್ನ ಅಭಿಪ್ರಾಯ. ನಿಮ್ಮ ಅತ್ತೆಯವರ ವಿಷಯದಲ್ಲಿ ಎರಡೂ ಈಗಾಗಲೇ ಜೊತೆಯಾಗಿವೆ, ಯಾವುದು ಮೊದಲು ಎಂದು ಕೂತು ವಾದಿಸುವುದರಿಂದ ಚಿಕಿತ್ಸೆ ಬದಲಾಗದು.

‘ಹರಿವು ಕಡಿಮೆಯಾಗಿದ್ದರೆ ಹೆಚ್ಚಿಸಿಬಿಟ್ಟರಾಯಿತಲ್ಲ’ ಎಂದು ನಿಮ್ಮ ಭಾವನವರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಯುರೋಪಿನಲ್ಲಿ ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ನಿಲ್ವಡಿಪಿನ್ ಎಂಬ ಬಿಪಿ ಮಾತ್ರೆಯನ್ನು ಸೌಮ್ಯ ಮತ್ತು ಮಧ್ಯಮ ಹಂತದ 511 ಅಲ್ಝೈಮರ್ ರೋಗಿಗಳ ಮೇಲೆ ಹದಿನೆಂಟು ತಿಂಗಳು ಪರೀಕ್ಷಿಸಲಾಯಿತು, ಅರ್ಧ ಜನರಿಗೆ ಹುಸಿ ಮಾತ್ರೆ. ಕೆಲವರಲ್ಲಿ ರಕ್ತದ ಹರಿವನ್ನೂ ಅಳೆದಾಗ ಹಿಪೊಕ್ಯಾಂಪಸ್‌ಗೆ ಹೋಗುವ ರಕ್ತ ಸುಮಾರು ಶೇ 20ರಷ್ಟು ಹೆಚ್ಚಿತ್ತು. ಆದರೆ 2018ರಲ್ಲಿ ಫಲಿತಾಂಶ ಬಂದಾಗ ಮರೆವಿನ ಇಳಿತ ಎರಡೂ ಗುಂಪಿನಲ್ಲಿ ಒಂದೇ ಆಗಿತ್ತು. ಅದೇ ಬಗೆಯ ಔಷಧಿ ಇಲಿಗಳಲ್ಲಿ ಪೆರಿಸೈಟ್‌ಗಳನ್ನು ಸಡಿಲಿಸಿ ಹರಿವು ಸುಧಾರಿಸುವುದನ್ನು 2024ರ ಅಧ್ಯಯನವೊಂದು ತೋರಿಸಿದೆ. ಬೇಗ ಕೊಟ್ಟರೆ ಮನುಷ್ಯರಲ್ಲೂ ಫಲ ಸಿಗಬಹುದೇ ಎಂಬುದು ಮುಂದಿನ ಪ್ರಯೋಗಗಳ ವಿಷಯ. ನೀರು ಹೆಚ್ಚು ಬಿಟ್ಟ ಮಾತ್ರಕ್ಕೆ ಒಣಗಿದ ಪೈರು ತಲೆಯೆತ್ತುವುದಿಲ್ಲ ಎಂಬುದಷ್ಟೇ ಸದ್ಯಕ್ಕೆ ಖಚಿತ.

ಡ್ರಿಪ್ ಹಾಕಿ ರಕ್ತನಾಳ ತೊಳೆಯುವ ವಿಷಯಕ್ಕೆ ಬರುತ್ತೇನೆ. ಇದರ ಹೆಸರು ಚೆಲೇಶನ್. ಸೀಸದಂಥ ಲೋಹದ ವಿಷ ಏರಿದವರಿಗೆ ಕೊಡುವ ಔಷಧಿ ಅದು, ಅಲ್ಲಿ ಅದರಿಂದ ಜೀವ ಉಳಿದದ್ದಿದೆ. ಅಲ್ಝೈಮರ್ ರೋಗಿಗೆ ಅದರಿಂದ ಪ್ರಯೋಜನವಿದೆ ಎಂಬುದಕ್ಕೆ ಆಧಾರವಿಲ್ಲ. ರಕ್ತದ ಕ್ಯಾಲ್ಸಿಯಂ ಅಪಾಯಕಾರಿಯಾಗಿ ಇಳಿಯಬಹುದು, ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಸಕ್ಕರೆ ಕಾಯಿಲೆಯಿರುವ 71ರ ಹೆಂಗಸಿಗೆ ಇದು ಬೇಡವೇ ಬೇಡ. ಮನೆಯ ಹಿರಿಯರ ಮಾತು ಮೀರಲು ಕಷ್ಟವಾದರೆ ‘ಡಾಕ್ಟರ್ ಬೇಡ ಎಂದರು’ ಎಂದು ನನ್ನ ತಲೆಯ ಮೇಲೆ ಹಾಕಿ. ಗಿಂಕ್ಗೊ ಎಂಬ ಮರದ ಎಲೆಯ ಸಾರದ ಗುಳಿಗೆಯನ್ನು ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ವೃದ್ಧರಿಗೆ ವರ್ಷಗಟ್ಟಲೆ ಕೊಟ್ಟು ನೋಡಿ, ಅದು ಮರೆವಿನ ಕಾಯಿಲೆಯನ್ನು ತಡೆಯುವುದಿಲ್ಲ ಎಂದು 2008ರಲ್ಲಿ ವರದಿ ಮಾಡಿದರು. ನಮ್ಮಲ್ಲಿ ಧಾರಾಳವಾಗಿ ಬರೆಯುವ ಪಿರಾಸಿಟಾಂ, ವಿನ್ಪೊಸಿಟಿನ್‌ನಂಥ ‘ಮೆದುಳಿಗೆ ರಕ್ತ ಹೆಚ್ಚಿಸುವ’ ಮಾತ್ರೆಗಳ ಹಿಂದಿರುವ ಪುರಾವೆಯೂ ತೀರಾ ತೆಳು. ಒಂದೆಲಗದ ತಂಬುಳಿ ಮಾಡಿಕೊಡಿ, ಅತ್ತೆಯವರು ಸಂತೋಷದಿಂದ ಉಣ್ಣಲಿ. ಅದನ್ನು ನಂಬಿ ಬಿಪಿ ಮಾತ್ರೆ ಬಿಡಿಸಬೇಡಿ.

ರಕ್ತ ತೆಳುವಾಗಿಸುವ ಮಾತ್ರೆಯದು ಬೇರೆಯೇ ಕತೆ, ಏಕೆಂದರೆ ಇದರಲ್ಲಿ ನಿಜವಾದ ಅಪಾಯವಿದೆ. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಆರೋಗ್ಯವಂತ ವೃದ್ಧರಲ್ಲಿ ಕಡಿಮೆ ಪ್ರಮಾಣದ ಆಸ್ಪಿರಿನ್ ಪರೀಕ್ಷಿಸಿದ ಆಸ್ಪ್ರೀ ಅಧ್ಯಯನದಲ್ಲಿ ಮರೆವಿನ ಕಾಯಿಲೆ ಕಡಿಮೆಯಾಗಲಿಲ್ಲ, ಗಂಭೀರ ರಕ್ತಸ್ರಾವ ಮಾತ್ರ ಹೆಚ್ಚಿತು. ನಿಮ್ಮ ಅತ್ತೆಯವರಲ್ಲಿ ಈಗಾಗಲೇ ಮೂರು ಮೈಕ್ರೋಬ್ಲೀಡ್ ಇವೆ, ಅಂದರೆ ಹಿಂದೆ ಎಂದೋ ನಾಳದಿಂದ ರಕ್ತ ಹನಿಯಾಗಿ ಸೋರಿ ಉಳಿಸಿದ ಕಬ್ಬಿಣದ ಕಲೆಗಳು. ಹೃದಯದ ಸ್ಟೆಂಟ್, ಹಿಂದಿನ ಪಾರ್ಶ್ವವಾಯು, ಏರುಪೇರಿನ ಹೃದಯ ಬಡಿತದಂಥ ಸ್ಪಷ್ಟ ಕಾರಣವಿಲ್ಲದೆ ರಕ್ತ ತೆಳುವಾಗಿಸುವ ಯಾವ ಮಾತ್ರೆಯನ್ನೂ ಶುರುಮಾಡಬೇಡಿ. ಅಂಥ ಕಾರಣಕ್ಕೆ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನನ್ನ ಉತ್ತರ ಓದಿ ನಿಲ್ಲಿಸಲೂಬೇಡಿ. ಕೊಟ್ಟ ವೈದ್ಯರಿಗೆ ಎಂಆರ್‌ಐ ತೋರಿಸಿ ಕೇಳಿ.

ಆ ಮೂರು ಕಲೆಗಳು ಎಲ್ಲಿವೆ ಎಂಬುದನ್ನು ದಯವಿಟ್ಟು ವಿಚಾರಿಸಿಕೊಳ್ಳಿ. ವರದಿಯಲ್ಲಿ ಎಷ್ಟು ಎಂಬ ಸಂಖ್ಯೆಯಿದ್ದು ಜಾಗ ಬಿಟ್ಟುಹೋಗಿರುವುದನ್ನು ಎಷ್ಟೋ ಬಾರಿ ನೋಡಿದ್ದೇನೆ. ಮೆದುಳಿನ ಆಳದಲ್ಲಿ, ಥಲಾಮಸ್‌ನಂಥ ಭಾಗದಲ್ಲಿದ್ದರೆ ಬಹುತೇಕ ಬಿಪಿಯ ಪರಿಣಾಮ. ಹೊರಗಿನ ಹಾಲೆಗಳಲ್ಲಿ, ಅಂಚಿಗೆ ಇದ್ದರೆ ಅಮಿಲಾಯ್ಡ್ ರಕ್ತನಾಳದ ಗೋಡೆಯಲ್ಲೇ ಕೂತಿರುವ ಅನುಮಾನ. ಅಲ್ಝೈಮರ್ ರೋಗಿಗಳಲ್ಲಿ ಬಹುಪಾಲು ಜನರ ನಾಳಗಳಲ್ಲಿ ಅಷ್ಟೋ ಇಷ್ಟೋ ಅಮಿಲಾಯ್ಡ್ ಇದ್ದೇ ಇರುತ್ತದೆ. ಅದು ಹೆಚ್ಚಾಗಿದ್ದರೆ ಮುಂದಿನ ಪ್ರಶ್ನೆಯ ಉತ್ತರವೇ ಬದಲಾಗುತ್ತದೆ.

ಮುಂದಿನ ಪ್ರಶ್ನೆ ಎಂದರೆ ನಿಮ್ಮ ಮೈದುನ ಹೇಳಿದ ಇಂಜೆಕ್ಷನ್. ಲೆಕನೆಮ್ಯಾಬ್‌ಗೆ ಅಮೆರಿಕದಲ್ಲಿ 2023ರಲ್ಲಿ, ಡೊನನೆಮ್ಯಾಬ್‌ಗೆ 2024ರಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಎರಡೂ ಅಮಿಲಾಯ್ಡ್‌ಗೆ ಅಂಟಿ ಅದನ್ನು ತೆಗೆಯುವ ಪ್ರತಿಕಾಯಗಳು. ನಾನು ಇವುಗಳ ವಿರೋಧಿಯಲ್ಲ. ಮೊದಲ ಬಾರಿಗೆ ಕಾಯಿಲೆಯ ವೇಗವನ್ನೇ ತಗ್ಗಿಸುವ ಔಷಧಿ ಬಂದಿದೆ. ಆದರೆ ಎಷ್ಟು ತಗ್ಗಿಸುತ್ತದೆ ಎಂದು ತಿಳಿದಿರಲಿ. ಲೆಕನೆಮ್ಯಾಬ್‌ನ ಮುಖ್ಯ ಪ್ರಯೋಗದಲ್ಲಿ ಹದಿನೆಂಟು ತಿಂಗಳ ನಂತರ, 18 ಅಂಕಗಳ ಅಳತೆಯಲ್ಲಿ ಹುಸಿ ಔಷಧಿಯವರು 1.66 ಅಂಕ, ಔಷಧಿ ಪಡೆದವರು 1.21 ಅಂಕ ಕೆಳಗಿಳಿದಿದ್ದರು. ಪತ್ರಿಕೆಗಳಲ್ಲಿ ಬಂದ ‘ಶೇ 27’ ಎಂಬುದು ಈ ವ್ಯತ್ಯಾಸ. ಹೋದ ನೆನಪು ಮರಳುವುದಿಲ್ಲ, ಹೋಗುವ ವೇಗ ಕಡಿಮೆಯಾಗುತ್ತದೆ.

ಅಪಾಯ ಬರುವುದು ರಕ್ತನಾಳದ ಕಡೆಯಿಂದಲೇ. ಔಷಧಿ ಸಡಿಲಿಸಿದ ಅಮಿಲಾಯ್ಡ್‌ನಲ್ಲಿ ಒಂದು ಪಾಲು ನಾಳದ ಗೋಡೆಯ ದಾರಿಯಲ್ಲೇ ಹೊರಗೆ ಹೋಗಬೇಕು. ಗೋಡೆಯಲ್ಲಿ ಮೊದಲೇ ಕೂತಿರುವ ಅಮಿಲಾಯ್ಡ್ ಮೇಲೂ ಪ್ರತಿಕಾಯ ಎರಗುತ್ತದೆ. ಈಗಾಗಲೇ ದುರ್ಬಲವಾದ ಗೋಡೆ ಸೋರುತ್ತದೆ. ಲೆಕನೆಮ್ಯಾಬ್ ಪಡೆದವರಲ್ಲಿ ಶೇ 12.6 ಜನರ ಎಂಆರ್‌ಐಯಲ್ಲಿ ಮೆದುಳಿನ ಊತ, ಶೇ 17.3 ಜನರಲ್ಲಿ ರಕ್ತ ಸೋರಿದ ಗುರುತು ಕಾಣಿಸಿತು. ಬಹುಪಾಲು ಜನರಿಗೆ ಯಾವ ಲಕ್ಷಣವೂ ಇರಲಿಲ್ಲ, ತಾನಾಗಿ ಸರಿಹೋಯಿತು. ಕೆಲವರಿಗೆ ತೀವ್ರವಾಯಿತು, ಸಾವುಗಳೂ ಆಗಿವೆ. ಎಪಿಒಇ4 ಜೀನಿನ ಎರಡು ಪ್ರತಿಯಿರುವವರಲ್ಲಿ ಊತದ ಪ್ರಮಾಣ ಮೂವರಲ್ಲಿ ಒಬ್ಬರಷ್ಟು. ಇಂಥ ಸೋರಿಕೆಯ ಭಯದಿಂದಲೇ ನಾಲ್ಕಕ್ಕಿಂತ ಹೆಚ್ಚು ಮೈಕ್ರೋಬ್ಲೀಡ್ ಇದ್ದವರನ್ನು ಪ್ರಯೋಗಕ್ಕೇ ಸೇರಿಸಿಕೊಂಡಿರಲಿಲ್ಲ. ನಿಮ್ಮ ಅತ್ತೆಯವರದು ಮೂರು: ಲೆಕ್ಕದಲ್ಲಿ ಒಳಗಿದ್ದಾರೆ, ಅಂಚಿನಲ್ಲಿದ್ದಾರೆ.

ಅಷ್ಟಾದರೂ ಯೋಚಿಸುವುದಾದರೆ, ಅಮಿಲಾಯ್ಡ್ ಇದೆಯೆಂದು ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿ ದ್ರವದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು, ಜೀನ್ ಪರೀಕ್ಷೆ ಆಗಬೇಕು, ಮೈಕ್ರೋಬ್ಲೀಡ್ ಕಾಣುವ ವಿಶೇಷ ಬಗೆಯ ಎಂಆರ್‌ಐ ಮತ್ತೆ ಮಾಡಬೇಕು, ಲೆಕನೆಮ್ಯಾಬ್ ಆದರೆ ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ನರದ ಮೂಲಕ ಔಷಧಿ, ಮೊದಲ ತಿಂಗಳುಗಳಲ್ಲಿ ಪದೇ ಪದೇ ಎಂಆರ್‌ಐ. ರಾತ್ರಿ ಹನ್ನೊಂದಕ್ಕೆ ತಲೆನೋವು, ಗೊಂದಲ ಶುರುವಾದರೆ ಎಂಆರ್‌ಐ ಮಾಡಿ ಓದಬಲ್ಲ ಆಸ್ಪತ್ರೆ ಒಂದು ಗಂಟೆಯ ದಾರಿಯಲ್ಲಿದೆಯೇ? ಖರ್ಚಿಗಿಂತ ಮೊದಲು ಈ ಪ್ರಶ್ನೆಯನ್ನು ಮೈದುನನ ಮುಂದಿಡಿ. ನನ್ನ ಒಲವು ಕೇಳಿದರೆ, ಕಲೆಗಳು ಅಂಚಿನಲ್ಲಿದ್ದರೆ ಬೇಡ ಎನ್ನುತ್ತೇನೆ. ಆಳದಲ್ಲಿದ್ದು, ಬಿಪಿ ಹತೋಟಿಯಲ್ಲಿದ್ದು, ಕಾಯಿಲೆ ಇನ್ನೂ ಆರಂಭದಲ್ಲೇ ಇದ್ದರೆ, ನಿಮ್ಹಾನ್ಸ್‌ನಂಥ ಕಡೆ ಒಮ್ಮೆ ತೋರಿಸಿ ಅಭಿಪ್ರಾಯ ಪಡೆಯುವುದು ತಪ್ಪಲ್ಲ. ಈ ಔಷಧಿ ಬೇಡವೆಂದು ತೀರ್ಮಾನಿಸಿದರೆ ಜೀನ್ ಪರೀಕ್ಷೆಯೂ ಬೇಡ. ಅದರಿಂದ ಮಕ್ಕಳಿಗೆ ಚಿಂತೆ ಹೆಚ್ಚುತ್ತದೆಯೇ ಹೊರತು ಚಿಕಿತ್ಸೆ ಬದಲಾಗುವುದಿಲ್ಲ.

ಡೊನೆಪೆಜಿಲ್ ಮುಂದುವರಿಸಿ. ಅದು ರಕ್ತನಾಳಕ್ಕೂ ಅಮಿಲಾಯ್ಡ್‌ಗೂ ಸಂಬಂಧಿಸಿದ್ದಲ್ಲ, ನರಕೋಶಗಳ ನಡುವಿನ ಒಂದು ರಾಸಾಯನಿಕವನ್ನು ಹೆಚ್ಚು ಹೊತ್ತು ಉಳಿಸುತ್ತದೆ, ಲಾಭ ಸಾಧಾರಣ. ನಾಡಿ ಬಡಿತ ತೀರಾ ನಿಧಾನವಾದರೆ, ತಲೆಸುತ್ತಿ ಬಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಿ.

ನಿಮ್ಮ ಕೈಯಲ್ಲೇ ಇರುವ ಕೆಲಸ ಬಿಪಿಯದು. ಸ್ಪ್ರಿಂಟ್ ಎಂಬ ಅಮೆರಿಕದ ಅಧ್ಯಯನದಲ್ಲಿ ಮೇಲಿನ ಬಿಪಿಯನ್ನು 140ರ ಬದಲು 120ರೊಳಗೆ ಇಡಲು ಯತ್ನಿಸಿದ ಗುಂಪಿನಲ್ಲಿ ಸೌಮ್ಯ ಮರೆವು ಶೇ 19ರಷ್ಟು ಕಡಿಮೆಯಾಯಿತು. ಪೂರ್ಣ ಪ್ರಮಾಣದ ಮರೆವಿನ ಕಾಯಿಲೆಯಲ್ಲಿ ಮಾತ್ರ ಖಚಿತ ವ್ಯತ್ಯಾಸ ಕಾಣಲಿಲ್ಲ. ಅದರಲ್ಲಿ ಸಕ್ಕರೆ ಕಾಯಿಲೆಯವರು ಇರಲಿಲ್ಲ ಎಂಬುದನ್ನೂ ಗಮನಿಸಿ. ಅಂಕಿ ಇಳಿಸುವ ಉತ್ಸಾಹದಲ್ಲಿ ನಿಂತ ಕೂಡಲೇ ಬಿಪಿ ಕುಸಿದು ಬೀಳುವ ವೃದ್ಧರೂ ಇದ್ದಾರೆ. ಮಲಗಿಸಿ ಒಮ್ಮೆ, ಎದ್ದು ನಿಂತು ಎರಡು ಮೂರು ನಿಮಿಷಕ್ಕೆ ಇನ್ನೊಮ್ಮೆ ಅಳೆದು ಬರೆದಿಡಿ. ಗುರಿ ಎಷ್ಟೆಂದು ವೈದ್ಯರು ಅದನ್ನು ನೋಡಿ ನಿಗದಿ ಮಾಡಲಿ. ಸಕ್ಕರೆ ತೀರಾ ಕೆಳಗೆ ಹೋಗುವುದೂ ಮೆದುಳಿಗೆ ಪೆಟ್ಟೇ. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಊಟ ಮರೆಯುವುದು ಇಂಥ ಮನೆಗಳಲ್ಲಿ ಸಾಮಾನ್ಯ, ಹಾಗಾಗಿ ಮಾತ್ರೆ ಡಬ್ಬಿ ನಿಮ್ಮ ಬಳಿಯಿರಲಿ. ನೆಗಡಿಗೆ ಅಂಗಡಿಯಿಂದ ತರುವ ತೂಕಡಿಕೆಯ ಮಾತ್ರೆ, ನಿದ್ದೆ ಮಾತ್ರೆ, ಮೂತ್ರದ ಅವಸರಕ್ಕೆ ಕೊಡುವ ಕೆಲವು ಮಾತ್ರೆಗಳು ಮರೆವನ್ನು ಹೆಚ್ಚಿಸುತ್ತವೆ. ಬಿ12, ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಕಿವಿ ಮಂದವಾಗಿದ್ದರೆ ಶ್ರವಣ ಯಂತ್ರ ಹಾಕಿಸಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತಿದ್ದರೆ ಅದನ್ನೂ ತಿಳಿಸಿ.

ನಿಮ್ಮ ಯಜಮಾನರ ವಿಷಯದಲ್ಲಿ ನನಗೆ ಭರವಸೆ ಹೆಚ್ಚು. ರಕ್ತನಾಳದ ಈ ಮಾತುಕತೆ ಕೆಡಲು ದಶಕಗಳು ಬೇಕು. ಅವರ ವಯಸ್ಸಿನಲ್ಲಿ ಮಾಡಿದ್ದೇ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಬದಲಾಯಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿ, ಅವೆಲ್ಲವನ್ನೂ ನಿಭಾಯಿಸಿದರೆ ಜಗತ್ತಿನ ಸುಮಾರು ಶೇ 45ರಷ್ಟು ಮರೆವಿನ ಕಾಯಿಲೆಯನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿದೆ. ನಡುವಯಸ್ಸಿನ ಬಿಪಿ, ಕೆಟ್ಟ ಕೊಲೆಸ್ಟರಾಲ್, ಸಕ್ಕರೆ ಕಾಯಿಲೆ, ಧೂಮಪಾನ, ಜಡ ಜೀವನ ಆ ಪಟ್ಟಿಯಲ್ಲಿವೆ, ಇವೆಲ್ಲ ಎಂಡೋಥೀಲಿಯಂ ಕೋಶದ ಶತ್ರುಗಳೇ. ಇದು ಇಡೀ ಜನಸಮುದಾಯದ ಲೆಕ್ಕ, ಒಬ್ಬರಿಗೆ ಕೊಡುವ ಖಾತರಿಯಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಆರೋಗ್ಯ ಮತ್ತು ನೆನಪಿನ ಶಕ್ತಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ವರ್ಷವರ್ಷವೂ ಅಳೆಯುತ್ತಿರುವುದೂ ಈ ಕಾರಣಕ್ಕೇ: ಪಾಶ್ಚಾತ್ಯರ ಅಂಕಿಗಳು ನಮ್ಮವರಿಗೆ ಎಷ್ಟು ಒಪ್ಪುತ್ತವೆ ಎಂದು ನಮ್ಮ ಜನರಿಂದಲೇ ತಿಳಿಯಬೇಕು. ‘ಮಾತ್ರೆ ಶುರುಮಾಡಿದರೆ ಬಿಡುವ ಹಾಗಿಲ್ಲ’ ಎಂದು ಯಜಮಾನರು ಬಿಪಿ ಮಾತ್ರೆ ಮುಂದೂಡುತ್ತಿದ್ದರೆ, ಅವರಮ್ಮನ ಎಂಆರ್‌ಐಯನ್ನು ಅವರ ಕೈಗೇ ಕೊಡಿ.

ಕೊನೆಗೆ ಒಂದು ಎಚ್ಚರಿಕೆ. ಹಠಾತ್ ತೀವ್ರ ತಲೆನೋವು, ಬಾಯಿ ವಾರೆಯಾಗುವುದು, ಒಂದು ಕೈಕಾಲು ಸೋಲುವುದು, ಮಾತು ತೊದಲುವುದು, ಒಂದೇ ದಿನದಲ್ಲಿ ಗೊಂದಲ ಏರುವುದು – ಇವು ಅಲ್ಝೈಮರ್‌ನ ನಿಧಾನದ ಇಳಿತವಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಿ. ಹೋಗುವಾಗ ಎಂಆರ್‌ಐ ಫಿಲ್ಮ್ ಮತ್ತು ಮಾತ್ರೆಗಳ ಚೀಟಿ ಜೊತೆಗಿರಲಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕೇ ಬೇಡವೇ ಎಂದು ಅಲ್ಲಿನ ವೈದ್ಯರು ನಿಮಿಷಗಳಲ್ಲಿ ತೀರ್ಮಾನಿಸಬೇಕಾಗುತ್ತದೆ. ಮೂರು ಮೈಕ್ರೋಬ್ಲೀಡ್ ಇವೆ ಎಂಬ ಸಂಗತಿ ಆಗ ಅವರಿಗೆ ಗೊತ್ತಿರಬೇಕು.